ಬಿಯೆನ್‌ಬೆನಿದೋಸ್ ಅನ್ನುತ್ತಿದ್ದ ಅಕ್ಕ

ಸ್ಪ್ಯಾನಿಷ್ ಭಾಷೆಯಲ್ಲಿ ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ ಪದ. ಬಿಯೆನ್‌ಬೆನಿದೋಸ್. ಅದನ್ನು ನನಗಿಂತ ಚೆಂದವಾಗಿ ಹೇಳುತ್ತಿದ್ದವರು ಅಂತರಸಂತೆಯ ಒಬ್ಬ ಹೆಂಗಸು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮಗಳಿಗೆ ಮುಜುಗರವಾದೀತು. ಮಗಳಿಗೆ ಮುಜುಗರವಾಗದಿರಲಿ ಎಂದು ಆಕೆ ಬದುಕಿದ್ದಾಗಲೇ ಎಷ್ಟೋ ನುಂಗಿಕೊಂಡಿದ್ದರು, ಸತ್ತ ಮೇಲೆ ಅದನ್ನು ಹಾಳು ಮಾಡಲು ನಾನ್ಯಾರು? ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ನಾನು ಭೇರ್ಯದವಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಕಬಿನಿ ಹಿನ್ನೀರಿನ ಒಂದು ರೆಸಾರ್ಟಿನಲ್ಲಿ ರಿಸೆಪ್ಶನ್ ಕೆಲಸ ಸಿಕ್ಕಿತು. ಅಂತರಸಂತೆಯಿಂದ ಸ್ವಲ್ಪ ಮುಂದೆ, ಕಾಡಿನ ಅಂಚಿನಲ್ಲಿತ್ತು ಆ ರೆಸಾರ್ಟು. ಅಲ್ಲಿ ಬಂದವರಿಗೆಲ್ಲ ಹೆಬ್ಬಾಗಿಲಲ್ಲಿ ಆರತಿ ಎತ್ತಿ, ಹಣೆಗೆ ಕುಂಕುಮವಿಟ್ಟು, ಎಳನೀರು ಕೊಟ್ಟು ಒಳಗೆ ಬಿಡುತ್ತಿದ್ದರು. ಅದಕ್ಕೆಂದೇ ರೇಷ್ಮೆ ಸೀರೆ ಉಡಿಸಿ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದರು. ಅಕ್ಕ ಆಗ ಅಲ್ಲಿ ಹುಲ್ಲುಹಾಸಿನ ಕಳೆ ಕೀಳುವ ಕೆಲಸದಲ್ಲಿದ್ದರು.

ನಾನು ಕೆಲಸಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. ಆರತಿಯ ಹುಡುಗಿ ಜ್ವರ ಅಂತ ಬಂದಿರಲಿಲ್ಲ. ಸಂಜೆಗೆ ಬರಬೇಕಿದ್ದ ವಿದೇಶಿಯರ ಬಸ್ಸು ಮಧ್ಯಾಹ್ನಕ್ಕೇ ಬಂದು ಗೇಟಿನ ಹೊರಗೆ ನಿಂತುಬಿಟ್ಟಿತು. ನಮ್ಮ ಮ್ಯಾನೇಜರು ಲಖನೌ ಕಡೆಯ ಹುಡುಗ. ಅವನಿಗೆ ಕೈಕಾಲು ಆಡಲಿಲ್ಲ. ತೋಟದಲ್ಲಿ ಬಗ್ಗಿ ಕೂತಿದ್ದ ಅಕ್ಕನನ್ನು ಎಬ್ಬಿಸಿ, "ನೀವು, ನೀವೇ, ಸಾರಿ ಹಾಕಿ, ಜಲ್ದಿ" ಅಂದ. ಸೀರೆ ಉಡಿಸಲು ನನ್ನ ಜೊತೆ ಕಳಿಸಿದ. ನಾನು ಸೆರಗು ಸರಿಮಾಡಿ, ಹೂ ಮುಡಿಸಿ, ಹಣೆ ನೋಡಿದೆ. ಬರಿದಾಗಿತ್ತು. ಬಿಸಿಲಲ್ಲಿ ಬೆವತು ಬೊಟ್ಟು ಬಿದ್ದುಹೋಗಿರಬೇಕು ಅಂದುಕೊಂಡೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಹಣೆ ಬರಿದಾಗಿದ್ದರೆ ಅಮ್ಮಂದಿರು ಮಾತಿಲ್ಲದೆ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ನನ್ನ ಹಣೆಯದೇ ಕೆಂಪು ಸ್ಟಿಕರನ್ನು ಕಿತ್ತು ಅವರ ಹಣೆಗೆ ಒತ್ತಿದೆ.

ಅವರು ಕಲ್ಲಿನಂತೆ ನಿಂತುಬಿಟ್ಟರು. ಬಾಗಿಲ ಬಳಿ ನಿಂತಿದ್ದ ತೋಟದ ಮೇಸ್ತ್ರಿ, ಅವರ ಊರಿನವನೇ, ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಆಮೇಲೆ ಮೆಲ್ಲಗೆ, "ಫಾರಿನ್ನೋರು ಕಣಕ್ಕ, ಅವ್ರಿಗೇನ್ ಗೊತ್ತಾಯ್ತದೆ? ಓಗು, ಎತ್ತು" ಅಂದ. ಅಕ್ಕ ತಟ್ಟೆ ತೆಗೆದುಕೊಂಡು ಹೋದರು.

ಅವರಿಗೆ ಗಂಡ ಇಲ್ಲ ಅನ್ನುವುದು ನನಗೆ ಗೊತ್ತಾದದ್ದು ಮಾರನೇ ದಿನ. ಮಗಳು ಅಂಗನವಾಡಿಗೆ ಹೋಗುವ ವಯಸ್ಸಿನಲ್ಲೇ ಆತ ಕಾಮಾಲೆಯಿಂದ ಹೋಗಿದ್ದ. ಅಂದಿನಿಂದ ಊರಿನ ಯಾವ ಮದುವೆ, ಯಾವ ಸೀಮಂತ, ಯಾವ ಗೃಹಪ್ರವೇಶದಲ್ಲೂ ಅಕ್ಕ ಮುಂದಕ್ಕೆ ಬಂದಿರಲಿಲ್ಲ. ಅಡುಗೆ ಮನೆಯಲ್ಲಿ ಸೊಪ್ಪು ಬಿಡಿಸಿ, ಕಾಯಿ ತುರಿದು, ಊಟದ ಹೊತ್ತಿಗೆ ಹಿಂಬಾಗಿಲಿಂದ ಮನೆಗೆ ಹೋಗುತ್ತಿದ್ದರು. ಆರತಿ ಎತ್ತುವುದು ಮುತ್ತೈದೆಯರ ಕೆಲಸ. ನಾನು ಹೋಗಿ, "ಅಕ್ಕ, ನಂಗೆ ಗೊತ್ತಿರಲಿಲ್ಲ" ಅಂದೆ. ಅವರು ನನ್ನನ್ನೇ ನೋಡಿ, "ನಿಂಗ್ ಗೊತ್ತಿದ್ರೆ ಅಂಟಿಸ್ತಿದ್ದಾ? ಗೊತ್ತಿಲ್ದಿದ್ದೇ ವಳ್ಳೇದಾಯ್ತು ಬುಡಮ್ಮಿ" ಅಂದರು.

ಆ ಹುಡುಗಿಯ ಜ್ವರ ಬಿಟ್ಟ ಮೇಲೂ ಕೆಲಸ ಅಕ್ಕನಿಗೇ ಉಳಿಯಿತು. ಬಂದವರು ಹೋಗುವಾಗ ಬರೆಯುವ ಅಭಿಪ್ರಾಯದಲ್ಲಿ ಹುಲಿ ಕಾಣಲಿಲ್ಲ ಎಂದು ಬೈದವರೂ ಗೇಟಿನ ಹೆಂಗಸನ್ನು ಹೊಗಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಅಕ್ಕ ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಬಸ್ಸಿನಲ್ಲಿ ಕೂತು ಊದಿಕೊಂಡ ಕಾಲು ಕಂಡರೆ ಆ ಅಜ್ಜಿಗೋ ಅಜ್ಜನಿಗೋ ಮೊದಲು ಆರತಿ ಮುಗಿಸಿ, ತಾವೇ ಕೈಹಿಡಿದು ಬೆಂಚಿನ ಮೇಲೆ ಕೂರಿಸುತ್ತಿದ್ದರು. "ಕಾಲು ಸುಳ್ಳೇಳಕ್ಕಿಲ್ಲ ಕಣಮ್ಮಿ. ಮೊಕ ನಗ್ತದೆ, ಕಾಲು ಅಳ್ತದೆ" ಅನ್ನುತ್ತಿದ್ದರು.

ರೆಸಾರ್ಟಿನವರು ಕೊಟ್ಟಿದ್ದು ಹಿತ್ತಾಳೆ ತಟ್ಟೆ, ದೀಪ, ಗುಲಾಬಿ ದಳ. ಅಕ್ಕನಿಗೆ ಅದು ಸರಿಬರಲಿಲ್ಲ. ದೀಪ ದೇವರಿಗೆ, ಬಂದ ಮನುಷ್ಯರಿಗೆ ಕೆಂಪು ನೀರು ಅಂತ ಅವರ ಹಟ. ಮನೆಯಿಂದ ಅರಿಶಿನ ಸುಣ್ಣ ತಂದು, ನೀರಿಗೆ ಕಲಸಿ, ಮೇಲೆ ವೀಳ್ಯದೆಲೆಯಲ್ಲಿ ಕರ್ಪೂರ ಹಚ್ಚಿ ಎತ್ತುತ್ತಿದ್ದರು. ಮೊದಲ ಸಲ ಆ ಕೆಂಪು ನೀರು ನೋಡಿ ಒಬ್ಬ ಜರ್ಮನ್ ಹೆಂಗಸು ರಕ್ತ ಅಂದುಕೊಂಡು ಹಿಂದಕ್ಕೆ ಸರಿದಿದ್ದಳು. ಎಲ್ಲ ಮುಗಿದ ಮೇಲೆ ಆ ನೀರನ್ನು ಗೇಟಿನ ಹೊಂಗೆ ಮರದ ಬುಡಕ್ಕೆ ಚೆಲ್ಲಬೇಕು, ಯಾರೂ ತುಳಿಯಬಾರದು. "ಬಂದೋರ ದೃಷ್ಟಿಯೆಲ್ಲ ಇದ್ರಲ್ಲಿ ಇರ್ತದೆ" ಅನ್ನುತ್ತಿದ್ದರು. ಆ ಹೊಂಗೆ ಮರ ಎಷ್ಟು ದೇಶಗಳ ದೃಷ್ಟಿ ಕುಡಿಯಿತೋ.

ಸಂಜೆ ಕೆಲಸ ಮುಗಿಸಿ ಸೀರೆ ಬದಲಿಸುವಾಗ ಅಕ್ಕ ಹಣೆಯ ಸ್ಟಿಕರನ್ನು ಉಗುರಿನಿಂದ ಬಿಡಿಸಿ ಆ ಕೋಣೆಯ ಕನ್ನಡಿಯ ಚೌಕಟ್ಟಿಗೆ ಅಂಟಿಸಿ ಹೋಗುತ್ತಿದ್ದರು. ಬರಿ ಹಣೆಯಲ್ಲಿ ಊರು ಸೇರುತ್ತಿದ್ದರು. ಬೆಳಿಗ್ಗೆ ಬಂದು ಮತ್ತೆ ಅದೇ ಬೊಟ್ಟು. ಅಂಟು ಹೋದರೆ ಹೊಸದು. ಅಷ್ಟು ಹೊತ್ತಿಗೆ ನಾನು ಅವರ ಮನೆಯ ಜಗಲಿ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ, ದಿನವೂ ಅವರ ಜೊತೆಯಲ್ಲೇ ನಡೆದು ಬರುತ್ತಿದ್ದೆ. ಪಕ್ಕದ ಮನೆಯಲ್ಲಿ ಅವರ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಆಕೆ ನಾವು ಬರುವ ಹೊತ್ತಿಗೆ ಸರಿಯಾಗಿ ಹೊರಗೆ ಬಂದು ಅಕ್ಕನ ಹಣೆ ನೋಡಿ ಒಳಗೆ ಹೋಗುತ್ತಿದ್ದಳು. ಆ ನೋಟಕ್ಕೆ ಸಿಗಬಾರದೆಂದೇ ಅಕ್ಕ ದಾರಿಯಲ್ಲಿ ಇನ್ನೊಮ್ಮೆ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದರು.

ಚಳಿಗಾಲದಲ್ಲಿ ಸ್ಪೇನಿನ ಗುಂಪುಗಳು ಬರುತ್ತಿದ್ದವು. ಅವರ ಮುಂದಾಳಾಗಿ ಬರುತ್ತಿದ್ದ ಒಬ್ಬ ಗಟ್ಟಿ ದನಿಯ ಹೆಂಗಸಿಗೆ ಅಕ್ಕನನ್ನು ಕಂಡರೆ ಬಲು ಇಷ್ಟ. ಒಂದು ದಿನ ಗೇಟಿನಲ್ಲಿ ನಿಂತು ಅವಳೇ ಹೇಳಿಕೊಟ್ಟಳು. ನಡುವೆ ನಾನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಮಾತು ಸಾಗಿಸುತ್ತಿದ್ದೆ. ಬಿಯೆನ್ ಅಂದರೆ ಚೆನ್ನಾಗಿ, ಬೆನಿದೋಸ್ ಅಂದರೆ ಬಂದವರು. ಚೆನ್ನಾಗಿ ಬಂದವರು. ಒಬ್ಬ ಗಂಡಸು ಬಂದರೆ ಬಿಯೆನ್‌ಬೆನಿದೋ, ಒಬ್ಬ ಹೆಂಗಸು ಬಂದರೆ ಬಿಯೆನ್‌ಬೆನಿದಾ, ಬರೀ ಹೆಂಗಸರ ಗುಂಪಾದರೆ ಬಿಯೆನ್‌ಬೆನಿದಾಸ್, ಗಂಡಸರ ಗುಂಪಿಗೂ ಗಂಡು ಹೆಣ್ಣು ಸೇರಿದ ಗುಂಪಿಗೂ ಬಿಯೆನ್‌ಬೆನಿದೋಸ್.

ಅಕ್ಕ ಎಲ್ಲವನ್ನೂ ಬಾಯಲ್ಲಿ ಮೆಲುಕು ಹಾಕಿ, "ಒಂದ್ ಬಸ್ ತುಂಬ ಎಂಗಸ್ರು ಇದ್ದು ಒಬ್ಬ ಗಂಡಸು ಇದ್ರೆ?" ಅಂದರು.

"ಆಗಲೂ ಬಿಯೆನ್‌ಬೆನಿದೋಸೇ" ಅಂದಳು ಆಕೆ.

"ಅವ್ನೊಬ್ಬನಿಗೋಸ್ಕರ ಎಲ್ಲಾರ್ಗೂ ಗಂಡಸ್ರ ಮಾತಾ? ಸರೋಯ್ತು. ಇವ್ರೂ ನಮ್ಮೋರೇ ಬುಡು" ಅಂದರು ಅಕ್ಕ. ನಾನು ಅದನ್ನು ಇಂಗ್ಲಿಷಿಗೆ ಹೇಳಿದಾಗ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂದಿನ ವರ್ಷ ಬರೀ ಹೆಂಗಸರ ಗುಂಪೊಂದು ಬಂದಾಗ, ಅವರ ಜೊತೆ ಕೇರಳದ ಗಂಡಸು ಡ್ರೈವರ್ ಇದ್ದರೂ ಅಕ್ಕ ಅವನ ಕಡೆ ಕಣ್ಣೆತ್ತದೆ ಬಿಯೆನ್‌ಬೆನಿದಾಸ್ ಅಂದುಬಿಟ್ಟರು. "ಆ ಡ್ರೈವರಪ್ಪ ನಮ್ಮ ಮಾನಂದವಾಡಿಯೋನು, ಅವ್ನು ದಿನಾ ಬತ್ತಾನೆ" ಅಂತ ಆಮೇಲೆ ನನಗೆ ಸಮಜಾಯಿಷಿ.

ಆ ಪದ ಕಲಿತ ದಿನ ಅಕ್ಕ ಆ ಸ್ಪೇನಿನ ಹೆಂಗಸಿಗೆ ಇನ್ನೊಂದು ಪ್ರಶ್ನೆ ಕೇಳಿದ್ದರು. "ಬಂದೋರಿಗೆ ಇಷ್ಟೆಲ್ಲ ಮಾತದೆ. ಬಾಗ್ಲಲ್ಲಿ ನಿಂತು ಕರಿಯೋಳಿಗೆ ಏನಂತಾರೆ ಕೇಳಮ್ಮಿ." ನಾನು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ಅವಳಿಗೆ ಥ್ಯಾಂಕ್ಸ್ ಹೇಳುತ್ತೇವೆ ಅಂದಳು. ಅಕ್ಕ, "ಅಷ್ಟೇಯಾ?" ಅಂದು ತಟ್ಟೆ ತೊಳೆಯಲು ಹೋದರು.

ಒಂದು ಸೀಸನ್ನಿನಲ್ಲಿ ಬೆಂಗಳೂರಿನಿಂದ ಫೋಟೋ ತೆಗೆಯುವವರು ಬಂದು ಹುಲ್ಲು, ನೀರು, ಆನೆ ಎಲ್ಲ ತೆಗೆದರು. ಅಕ್ಕನದನ್ನೂ ತೆಗೆದರು. ಯಾತಕ್ಕೆ ಅಂತ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಎರಡು ತಿಂಗಳ ಮೇಲೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಮನೆಯೆತ್ತರದ ಬೋರ್ಡು ನಿಂತಿತು. ತಟ್ಟೆ ಎತ್ತಿ ಹಿಡಿದ ಅಕ್ಕ, ಮುಡಿ ತುಂಬ ಮಲ್ಲಿಗೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಸ್ಟಿಕರ್ ಸಣ್ಣದಾಯಿತೆಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ್ದರು. ಕೆಳಗೆ ಸುಸ್ವಾಗತ, ವೆಲ್‌ಕಮ್, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬಿಯೆನ್‌ಬೆನಿದೋಸ್.

ಮೈಸೂರಿಗೆ ಹೋಗುವ, ಎಚ್.ಡಿ. ಕೋಟೆಗೆ ಹೋಗುವ ಪ್ರತಿಯೊಬ್ಬನೂ ಆ ಸರ್ಕಲ್ ದಾಟಲೇಬೇಕು. ಊರಿಗೆ ಊರೇ ನೋಡಿತು. ವಾರಗಿತ್ತಿ ನಲ್ಲಿ ಹತ್ತಿರ ನಿಂತು ಯಾರಿಗೋ ಹೇಳುವವಳಂತೆ, "ಗಂಡ ಇದ್ದಾಗ ಇಷ್ಟು ಸಿಂಗಾರ ಇರ್ನಿಲ್ಲ, ಈಗ ರೋಡ್ನಾಗೆ ನಿಂತವ್ಳೆ" ಅಂದಳು. ಅಕ್ಕ ಕೊಡ ತುಂಬಿಸಿಕೊಂಡು ಒಳಗೆ ಬಂದರು. ಆ ವಾರ ಮಗಳು ಮೈಸೂರಿನ ಹಾಸ್ಟೆಲಿನಿಂದ ಬಂದಳು. ನರ್ಸಿಂಗ್ ಓದುತ್ತಿದ್ದಳು. ಆ ಓದು ನಡೆಯುತ್ತಿದ್ದದ್ದೇ ಆರತಿಯ ಸಂಬಳದಲ್ಲಿ. ಬಸ್ಸಿನಲ್ಲಿ ಗೆಳತಿಯರು ಬೋರ್ಡು ನೋಡಿ ಏನೋ ಕೇಳಿದ್ದರಂತೆ. ಬಂದವಳೇ ಬ್ಯಾಗು ಎಸೆದು, "ಅವ್ವ, ಕಳೆ ಕೀಳೋ ಕೆಲ್ಸಾನೇ ಚೆಂದಾಗಿರ್ನಿಲ್ವಾ?" ಅಂದಳು. ಅಕ್ಕ ಅವಳಿಗೆ ಮುದ್ದೆ ಬಡಿಸಿದರು. ನನಗಾದರೆ ಆ ಮುದ್ದೆಯ ತಟ್ಟೆ ಎತ್ತಿಕೊಂಡು ಬಿಸಾಕಬೇಕು ಅನ್ನಿಸಿತ್ತು.

ಮುಂದೆ ಹುಣಸೂರು ಕಡೆಯ ಒಬ್ಬ ಭಾರಿ ಹೊಗೆಸೊಪ್ಪು ಬೆಳೆಗಾರರ ಮನೆಯವರು ಹೊಸ ಮದುಮಕ್ಕಳನ್ನು ಕರೆದುಕೊಂಡು ರೆಸಾರ್ಟಿಗೆ ಬಂದರು. ಅಕ್ಕ ಕೆಂಪು ನೀರಿನ ತಟ್ಟೆ ಹಿಡಿದು ಮುಂದೆ ಬಂದರು. ಮದುಮಗಳ ಚಿಕ್ಕಮ್ಮನೊಬ್ಬಳು ಅಂತರಸಂತೆಯ ಕಡೆಯವಳು. ಕಾರಿನಿಂದ ಇಳಿದವಳೇ ಕೂಗಿದಳು.

"ಏಯ್, ನಿಲ್ಸಿ ನಿಲ್ಸಿ! ಈಯಮ್ಮನ್ನ ಯಾರ್ರೀ ಇಲ್ಲಿ ನಿಲ್ಸಿರೋದು? ತಾಳಿ ಇಲ್ದೋಳು ಕಣ್ರೀ ಇವ್ಳು. ಒಸಾ ಮಕ್ಳಿಗೆ ಇವ್ಳ ಕೈಲಿ ಆರತಿ ಎತ್ತುಸ್ತೀರಾ? ನಿಮ್ಗೇನು ಗ್ಯಾನ ಇಲ್ವಾ?"

ಮದುಮಗ ತಲೆ ತಗ್ಗಿಸಿದ. ಮದುಮಗಳು ಗಂಡನ ಬೆನ್ನ ಹಿಂದೆ ಸರಿದಳು, ತಟ್ಟೆಯಲ್ಲಿ ಹಾವಿದೆಯೇನೋ ಅನ್ನುವಂತೆ. ಅಕ್ಕ ನೀರು ತುಳುಕದ ಹಾಗೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ತಮ್ಮ ನೆರಳು ಕೂಡ ಅವರ ಮೇಲೆ ಬೀಳದಂತೆ ಗೋಡೆಯ ಪಕ್ಕಕ್ಕೆ ಹೋಗಿ ನಿಂತರು. ರೂಮು ಗುಡಿಸುವ ಹುಡುಗಿಯೊಬ್ಬಳ ಕೊರಳಲ್ಲಿ ತಾಳಿ ಇತ್ತು. ರೆಸಾರ್ಟಿನವರು ಅವಳನ್ನು ಕರೆದು, ಬೇರೆ ನೀರು ಕಲಸಿ, ಆರತಿ ಎತ್ತಿಸಿದರು. ಆ ಹುಡುಗಿಯ ಗಂಡ ಕುಡಿದು ದಿನಾ ಅವಳನ್ನು ಬಡಿಯುತ್ತಿದ್ದ ಅನ್ನುವುದು ನಮಗೆಲ್ಲ ಗೊತ್ತಿತ್ತು. ಆದರೆ ಗಂಡನಿದ್ದ, ಅಷ್ಟು ಸಾಕಿತ್ತು.

ಸಂಜೆ ಮ್ಯಾನೇಜರು ತೀರ್ಮಾನ ಹೇಳಿದ. ಇನ್ನು ಮುಂದೆ ಅಕ್ಕ ವಿದೇಶಿ ಗುಂಪುಗಳಿಗೆ ಮಾತ್ರ, ಇಲ್ಲಿಯವರು ಬಂದರೆ ಹಿಂದೆ ಇರಬೇಕು. ನಾನು, "ಸರ್, ಆರತಿ ಒಂದೇ, ಕೈ ಒಂದೇ. ಅವ್ರಿಗೆ ಒಳ್ಳೇದು, ಇವ್ರಿಗೆ ಕೆಟ್ಟದು ಹೇಗಾಗುತ್ತೆ?" ಅಂತ ಜಗಳಕ್ಕೆ ನಿಂತೆ. ಅವನು, "ಮೇಡಮ್, ಫಾರಿನರ್ಸ್‌ಗೆ ಡಿಫರೆನ್ಸ್ ಗೊತ್ತಾಗಲ್ಲ ಅಲ್ವಾ, ಸೋ ನೋ ಪ್ರಾಬ್ಲಮ್" ಅಂದ. ಅಕ್ಕ ನನ್ನ ಕೈ ಎಳೆದುಕೊಂಡು ಹೊರಗೆ ಬಂದರು. "ಬುಡಮ್ಮಿ. ಗೊತ್ತಿಲ್ದೋರ ಮುಂದಾದ್ರೂ ನಿಂತ್ಕತೀನಲ್ಲ" ಅಂದರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

ಮಗಳ ಮದುವೆ ಪಿರಿಯಾಪಟ್ಟಣದ ಕಡೆಗಾಯಿತು. ಮದುವೆಯಲ್ಲಿ ಅಕ್ಕ ಎಲ್ಲಿದ್ದರು ಎಂದು ಬೇರೆ ಹೇಳಬೇಕಿಲ್ಲ. ಧಾರೆ ಎರೆದದ್ದು ಭಾವ, ವಾರಗಿತ್ತಿ. ಅಕ್ಕ ಅಡುಗೆಯವರ ಹತ್ತಿರ ನಿಂತು ಎಲೆ ಲೆಕ್ಕ ನೋಡುತ್ತಿದ್ದರು. ಅದಕ್ಕೆ ಅವರು ಬೇಸರ ಮಾಡಿಕೊಂಡದ್ದನ್ನು ನಾನು ಕಾಣಲಿಲ್ಲ. ಅವರ ಆಸೆ ಬೇರೆ ಇತ್ತು. ಮಗಳಿಗೆ ಹೆರಿಗೆಯಾಗಿ ಬಾಣಂತನಕ್ಕೆ ಮಗು ಎತ್ತಿಕೊಂಡು ಬರುವ ದಿನ ತಮ್ಮ ಬಾಗಿಲಲ್ಲಿ ತಾವೇ ಆರತಿ ಎತ್ತಬೇಕು. ಮದುವೆ ಊರಿನದು, ನೆಂಟರದು. ಇದು ತಮ್ಮ ಮನೆ, ತಮ್ಮ ಹೊಸಿಲು, ತಮ್ಮ ಮೊಮ್ಮಗು. ಇಲ್ಲಿ ಯಾರು ಏನು ಹೇಳಿಯಾರು?

"ಯಾವ್ಯಾವ್ದೋ ದೇಸದೋರ್ಗೆ ಎತ್ತಿವ್ನಿ. ಅವ್ರಿಗೆಲ್ಲ ಏನಾರ ಕೆಟ್ಟದಾಯ್ತಾ? ಚೆಂದಾಗಿ ಬಂದು ಚೆಂದಾಗಿ ಓದ್ರು. ನನ್ನ ಮಗೀಗೆ ಆಯ್ತದಾ?" ಅಂದರು ಹಿಂದಿನ ದಿನ. ಕೇಳುತ್ತಿದ್ದದ್ದು ನನ್ನನ್ನಲ್ಲ. ಹೊಸಿಲಿಗೆ ಅರಿಶಿನ ಬಳಿದು, ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಆಸ್ಪತ್ರೆಯಿಂದ ಫೋನು ಬಂದಾಗಿನಿಂದ ಕೂತಲ್ಲಿ ಕೂರಲಿಲ್ಲ. ಬೆಳಿಗ್ಗೆ ನೀರು ಕಲಸಿ ನೋಡಿ, ಬಣ್ಣ ಸಾಲದು ಅಂತ ಇನ್ನೊಂದು ಚಿಟಿಕೆ ಸುಣ್ಣ ಹಾಕಿದರು. ಹಣೆ ಬರಿದೇ ಇತ್ತು. ನಾನು ನನ್ನ ಬೊಟ್ಟಿಗೆ ಕೈ ಹಾಕಿದ್ದು ನೋಡಿ, "ಬ್ಯಾಡ. ನನ್ನ ಮಗ್ಳ ಮುಂದೆ ನಾನು ಇದ್ದಂಗೇ ನಿಂತ್ಕತೀನಿ" ಅಂದರು.

ಕಾರು ಬಂತು. ಮುಂದೆ ಅಳಿಯ, ಹಿಂದೆ ಬೀಗಿತ್ತಿ, ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗುವಿನ ಜೊತೆ ಮಗಳು. ಅಕ್ಕ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಿದ್ದರು, ಕರ್ಪೂರ ಆಗಲೇ ಉರಿಯುತ್ತಿತ್ತು. ಮಗಳು ಇಳಿಯಲಿಲ್ಲ. ಕಿಟಕಿಯಿಂದಲೇ ಹೇಳಿದಳು.

"ಅವ್ವ, ನೀನು ಬ್ಯಾಡ. ದೊಡ್ಡವ್ವನ್ನ ಕರಿ."

ಅಕ್ಕನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಂಬಲಿಲ್ಲವೋ, ಒಂದು ಹೆಜ್ಜೆ ಮುಂದಿಟ್ಟರು.

"ಅವ್ವ, ಮಗೀಗೆ ಏನಾರ ಆದ್ರೆ? ದೊಡ್ಡವ್ವನ್ನ ಕರಿ ಅಂದ್ನಲ್ಲ!"

ನರ್ಸಿಂಗ್ ಓದಿದ ಹುಡುಗಿ. ಮಗುವಿಗೆ ಏನಾದರೆ ಯಾವುದರಿಂದ ಆಗುತ್ತದೆ ಎಂದು ನಮಗೆಲ್ಲರಿಗಿಂತ ಹೆಚ್ಚು ಓದಿಕೊಂಡವಳು. ಆಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಬಚ್ಚಿಡುವುದಿಲ್ಲ. ಹೆದರಿಕೆ ನಿಜವಾದದ್ದೇ ಇರಬಹುದು. ಹೆತ್ತ ಹೊಸದರಲ್ಲಿ ಎಲ್ಲಕ್ಕೂ ಹೆದರಿಕೆಯಾಗುತ್ತದೆ ಅನ್ನುತ್ತಾರೆ. ಆದರೂ ಸಿಟ್ಟಿದೆ.

ಕರೆಯುವ ಮೊದಲೇ ವಾರಗಿತ್ತಿ ಸೆರಗಿಗೆ ಕೈ ಒರೆಸುತ್ತ ಬಂದಿದ್ದಳು. ಬೇಲಿಯ ಹತ್ತಿರವೇ ಕಾದಿದ್ದಳೋ ಏನೋ. ಅಕ್ಕನ ಕೈಯಿಂದ ಅದೇ ತಟ್ಟೆ ತೆಗೆದುಕೊಂಡಳು. ಅಕ್ಕ ಕಲಸಿದ ನೀರು, ಅಕ್ಕ ಹಚ್ಚಿದ ಕರ್ಪೂರ. ನೀರಿಗೆ ದೋಷವಿರಲಿಲ್ಲ, ಕೈಗಿತ್ತು. ಆರತಿ ಎತ್ತಿ, ಮಗುವಿನ ಹಣೆಗೆ ಬೊಟ್ಟಿಟ್ಟು, ದೊಡ್ಡ ದನಿಯಲ್ಲಿ ಒಳಗೆ ಕರೆದುಕೊಂಡಳು. ಆಮೇಲೆ ಕಾಫಿ ಕುಡಿಯುತ್ತ ಆ ಬೀಗಿತ್ತಿ ನನ್ನ ಹತ್ತಿರ ತಗ್ಗಿದ ದನಿಯಲ್ಲಿ, "ಅವ್ರೇ ಎತ್ತಿದ್ರೆ ನಮ್ಗೇನಿತ್ತು ಕಣಮ್ಮ? ನಾವೇನೂ ಅಂತಿರ್ನಿಲ್ಲ" ಅಂದಳು. ಅದನ್ನು ಕಾರಿನಲ್ಲಿ ಕೂತಾಗ ಹೇಳಬಹುದಿತ್ತಲ್ಲ ತಾಯಿ ಅಂತ ನಾಲಿಗೆ ತುದಿಗೆ ಬಂದಿತ್ತು.

ನಾನು ಅಡುಗೆ ಮನೆಗೆ ಹೋದೆ. ಅಕ್ಕ ಒಲೆಯ ಮುಂದೆ ಕೂತು ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದರು. ಜಗಲಿಯಲ್ಲಿ ಎಲ್ಲರೂ ನಗುತ್ತಿದ್ದರು, ಮಗು ಅತ್ತಿತು. ಆ ಅಳು ಕೇಳಿ ಅಕ್ಕ ತಲೆಯೆತ್ತಿದರು. ಗೋಡೆಯ ಕಡೆ ನೋಡಿಕೊಂಡು, ಮಗಳಿಗೂ ಮೊಮ್ಮಗಳಿಗೂ ಸೇರಿಸಿ, "ಬಿಯೆನ್‌ಬೆನಿದಾಸ್" ಅಂದರು. ಜಗಲಿಯವರೆಗೆ ಕೇಳುವಷ್ಟು ಗಟ್ಟಿಯಾಗಿಯೇನೂ ಇರಲಿಲ್ಲ. ಆಮೇಲೆ ಸಾರಿಗೆ ಉಪ್ಪು ಹಾಕಿದರು.

ಮಾರನೇ ದಿನ ಕೆಲಸಕ್ಕೆ ರಜ ಹಾಕಲಿಲ್ಲ. ಸ್ಪೇನಿನವರ ಬಸ್ಸಿತ್ತು. ಕನ್ನಡಿಯ ಚೌಕಟ್ಟಿನಿಂದ ಬೊಟ್ಟು ತೆಗೆದು ಹಣೆಗಿಟ್ಟುಕೊಂಡು, ಬಂದವರ ಕಾಲು ನೋಡಿ, ಎಂದಿನಂತೆ ಆರತಿ ಎತ್ತಿದರು. ಅವರಲ್ಲೊಬ್ಬ ಮುದುಕಿ ಅಕ್ಕನನ್ನು ಬಾಚಿ ತಬ್ಬಿಕೊಂಡಳು. ಅಕ್ಕ ತಟ್ಟೆಯನ್ನು ದೂರ ಹಿಡಿದು, ಕೊಂಚ ಹೊತ್ತು ಹಾಗೇ ಆ ಗುರುತಿಲ್ಲದವಳ ಹೆಗಲ ಮೇಲೆ ತಲೆಯಿಟ್ಟಿದ್ದರು.

ಆ ಮೇಲೆ ನನಗೂ ಮದುವೆಯಾಗಿ ಕೆ.ಆರ್. ನಗರ ಸೇರಿದೆ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ. "ಬಸ್ ಬತ್ತಾ ಅವೆ, ಎತ್ತುತಾ ಇವ್ನಿ" ಅನ್ನುತ್ತಿದ್ದರು, ಅಷ್ಟೇ. ಹೋದ ತಿಂಗಳು ತೋಟದ ಮೇಸ್ತ್ರಿ ಫೋನು ಮಾಡಿ ಸುದ್ದಿ ಹೇಳಿದ. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ. ಮಣ್ಣಿಗೆ ಹೋಗಲಾಗಲಿಲ್ಲ, ಹನ್ನೊಂದನೇ ದಿನಕ್ಕೆ ಹೋದೆ. ಫೋಟೋ ಇಟ್ಟು ಹಾರ ಹಾಕಿದ್ದರು. ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ, ಹಣೆ ಬರಿದಾದ, ಕಳ್ಳರಂತೆ ಕಾಣುವ ಫೋಟೋ. ಮಗಳು ಅದರ ಮುಂದೆ ಕೂತು ತುಂಬ ಅತ್ತಳು. ಸುಳ್ಳು ಅಳುವಲ್ಲ ಅದು, ಅದನ್ನೂ ಹೇಳಬೇಕು.

ಸಂಜೆ ಒಂದೇ ಬಸ್ಸಿನಲ್ಲಿ ಹೊರಟೆವು. ಮಗಳು ಕಿಟಕಿಯ ಪಕ್ಕ, ನಾನು ಈಚೆ, ಶಾಲೆಗೆ ಸೇರುವಷ್ಟಾಗಿದ್ದ ಮೊಮ್ಮಗಳು ನನ್ನ ತೊಡೆಯ ಮೇಲೆ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಬೋರ್ಡು ಇನ್ನೂ ಇದೆ. ಸೀಸನ್ನಿಗೆ ಮುಂಚೆ ಪ್ರತಿ ವರ್ಷ ಹೊಸದಾಗಿ ಪ್ರಿಂಟ್ ಹಾಕಿಸುತ್ತಾರೆ, ಹಾಗಾಗಿ ಅಕ್ಕನಿಗೆ ಅಲ್ಲಿ ವಯಸ್ಸಾಗಿಲ್ಲ. ನನಗೆ ತಡೆಯಲಾಗಲಿಲ್ಲ.

"ಪುಟ್ಟಿ, ಅಲ್ಲಿ ನೋಡು, ಅಜ್ಜಿ" ಅಂದೆ.

ಮಗು ಕಣ್ಣು ಕಿರಿದು ಮಾಡಿ ನೋಡಿತು. "ಅದು ಅಜ್ಜಿ ಅಲ್ಲ" ಅಂತು.

"ಯಾಕೆ ಕಂದ?"

"ನಮ್ಮಜ್ಜಿಗೆ ಬೊಟ್ಟಿಲ್ಲ."

ನಾನು ಮಗಳ ಕಡೆ ನೋಡಿದೆ. ಅವಳು ಬೋರ್ಡು ನೋಡಿದಳು, ಸುತ್ತ ಕೂತಿದ್ದ ಊರಿನವರನ್ನು ನೋಡಿದಳು, ಆಮೇಲೆ ಮಡಿಲಿನ ಚೀಲ ಸರಿಮಾಡಿಕೊಂಡಳು.

"ಊಂ ಚಿನ್ನ, ಅದ್ಯಾರೋ ರೆಸಾರ್ಟ್‌ನೋರು" ಅಂದಳು.

ಬಸ್ಸು ಹೊರಟಿತು. ಮಗು ನನ್ನ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ, ಆ ಯಾರೋ ಹೆಂಗಸಿಗೆ ಟಾಟಾ ಮಾಡಿತು.